ಕೂತ ಮೇಲಿನ ಅಳತೆ

ಕೊನೆಯ ನಟ್ಟು ಬಿಗಿಯಾದ ಮೇಲೂ ಅವನು ಸ್ಪ್ಯಾನರನ್ನು ಅದರ ತಲೆಯಿಂದ ತೆಗೆಯಲಿಲ್ಲ. ತೆಗೆದರೆ ಕೆಲಸ ಮುಗಿದಂತೆ. ಕೆಲಸ ಮುಗಿದರೆ ಹೇಳಬೇಕು. ಬೆಳಿಗ್ಗೆ ಹೊದಿಕೆ ಮಡಿಸುತ್ತಿದ್ದ ಹೆಂಡತಿ ಅದನ್ನೇ ಕೇಳಿದ್ದಳು, ಜಗಳದ ದನಿಯಲ್ಲಲ್ಲ, ಹಾಲು ಕಾಯಿಸಲಾ ಎಂದು ಕೇಳುವ ದನಿಯಲ್ಲಿ. “ಇವತ್ತು ನೀವು ಹೇಳ್ತೀರಾ, ನಾನು ಹೇಳಲಾ?” ಅವನು ಅಂಗಿಯ ಗುಂಡಿ ಹುಡುಕುತ್ತ, “ಚಕ್ರ ಕೂರಲಿ,” ಎಂದಿದ್ದ. “ಕೂತ ಮೇಲೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ.” ಅವಳು ಹೊದಿಕೆಯ ಮೂಲೆಗೆ ಮೂಲೆ ಸೇರಿಸಿ, ಅದನ್ನು ಎದೆಗೊತ್ತಿಕೊಂಡು ನಿಂತಳು. “ಮೊದಲು ರಿಮ್ಮು ಬರಲಿ ಅಂದ್ರಿ. ಆಮೇಲೆ ಟೈರು ಬರಲಿ ಅಂದ್ರಿ. ಈಗ ಕೂರಲಿ. ಕೂತ ಮೇಲೇನು, ಸವೀಲಿ ಅಂತೀರಾ?” ಅವನು ನಕ್ಕಿದ್ದ. ಅವಳು ನಗಲಿಲ್ಲ. ದೂರದ ಊರಿನ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು, ಇರಲಿಕ್ಕೆ ಮನೆಯನ್ನೂ ಅವರೇ ಕೊಡುವವರಿದ್ದರು. ಬರುವ ಒಂದನೇ ತಾರೀಖಿಗೆ ಅಲ್ಲಿರಬೇಕು. ಅವನೂ ಜೊತೆಗೆ ಹೋಗುವುದೆಂದು ಗಂಡಹೆಂಡಿರ ನಡುವೆ ಒಪ್ಪಂದವಾಗಿಹೋಗಿತ್ತು. ಟೈರು ಕೆಲಸ ಗೊತ್ತಿರುವವನಿಗೆ ಯಾವ ಊರಾದರೇನು ಎಂದು ಅವನೇ ಹೇಳಿದ್ದ, ದೀಪ ಆರಿಸಿದ ಕೋಣೆಯಲ್ಲಿ, ಧೈರ್ಯವಾಗಿ. ಗೊತ್ತಾಗದೆ ಉಳಿದವರು ಅವಳ ಅಪ್ಪ ಅಮ್ಮ, ಇವನ ಮಾವ ಅತ್ತೆ.

“ಏನಪ್ಪಾ, ಆ ನಟ್ಟಿನ ಕತ್ತು ಹಿಚುಕಿ ಸಾಯಿಸ್ತೀಯಾ? ಬಿಡು, ಬದುಕಿಕೊಳ್ಳಲಿ.” ಪಕ್ಕದ ಶೆಡ್ಡಿನ ಬಣ್ಣದವನು ಚಿಂದಿ ಬಟ್ಟೆಯಲ್ಲಿ ಕೈ ಒರೆಸುತ್ತ ಬಂದು ನಿಂತಿದ್ದ. ಮಾವನ ಈ ಹಳೇ ಕಾರಿಗೆ ಕಡುಹಸಿರು ಬಣ್ಣ ಹೊಡೆದವನು ಅವನೇ. ದಿನಕ್ಕೊಂದು ಸಲ ಬಂದು ಅದರಲ್ಲಿ ತನ್ನ ಮುಖ ನೋಡಿಕೊಂಡು ಹೋಗದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಇವನು ಜಾಕ್ ಇಳಿಸಿದ. ಕಾರು ತನ್ನ ಭಾರವನ್ನು ಹೊಸ ಚಕ್ರಗಳ ಮೇಲೆ ಮೆಲ್ಲಗೆ ಬಿಟ್ಟುಕೊಂಡಿತು, ದಣಿದ ದನ ಮೊದಲು ಮುಂಗಾಲು ಆಮೇಲೆ ಹಿಂಗಾಲು ಮಡಿಸುವ ಹಾಗೆ. ಉದ್ದ ಮೂತಿ, ಎರಡೇ ಬಾಗಿಲು, ಮೂತಿಯೊಳಗೆ ಎಂಟು ಸಿಲಿಂಡರಿನ ಎಂಜಿನ್ನು. ಅಂಗಡಿಗೆ ಬರುವ ಹೊಸ ಕಾಲದವರು ಅದನ್ನು ಮಸಲ್ ಕಾರು ಎಂದು ಕರೆದು ಫೋಟೋ ತೆಗೆದುಕೊಳ್ಳುತ್ತಿದ್ದರು. ಮಾವ ಮಾತ್ರ ಮೊದಲಿನಿಂದಲೂ ‘ದೊಡ್ಡದು’ ಎನ್ನುತ್ತಿದ್ದರು: ದೊಡ್ಡದನ್ನ ಒರೆಸಿದೆಯಾ, ದೊಡ್ಡದಕ್ಕೆ ಟಾರ್ಪಾಲು ಹೊದಿಸಿದೆಯಾ. ಬಣ್ಣದವನು ಹಿಂದಕ್ಕೆ ಸರಿದು ಕಣ್ಣು ಕಿರಿದು ಮಾಡಿದ. “ಆಹಾ! ಹಿಂಭಾಗ ನೋಡು ಈಗ. ಹಸಿರು ಮೇದು ಬಂದ ಎಮ್ಮೆ ಥರ ಹ್ಯಾಗೆ ತುಂಬಿಕೊಂಡಿದೆ! ಮೊದಲು ಆ ಸಣಕಲು ಟೈರಲ್ಲಿ ನಂಗೆ ನೋಡೋಕೇ ನಾಚಿಕೆ ಆಗ್ತಿತ್ತು.” ಇವನೂ ನೋಡಿದ. ಮಡ್‌ಗಾರ್ಡಿನ ಕಮಾನಿನ ಒಳಗೆ ಟೈರು ಇಕ್ಕಟ್ಟಾಗಿ ತುಂಬಿಕೊಂಡಿತ್ತು. ಕಮಾನಿನ ಅಂಚಿಗೂ ರಬ್ಬರಿಗೂ ನಡುವೆ ಒಂದು ಕಪ್ಪು ಗೆರೆಯಷ್ಟು ಕತ್ತಲೆ. ಆ ಕತ್ತಲೆ ಅಲ್ಲಿ ಸಾಕಷ್ಟಿದೆ ಎಂದು ಅವನು ತನಗೇ ಹೇಳಿಕೊಂಡ. ಚೆನ್ನಾಗಿ ಕಾಣುತ್ತಿದೆಯಲ್ಲ.

ಈ ಚಕ್ರಗಳನ್ನು ಆರಿಸುವುದರಲ್ಲೇ ಮನೆಯಲ್ಲಿ ಎಷ್ಟು ಊಟ ಆರಿ ತಣ್ಣಗಾಗಿತ್ತೋ. ಪಾರ್ಶ್ವವಾಯು ಬಡಿದು ಆಸ್ಪತ್ರೆಯಿಂದ ಮನೆಗೆ ಬಂದ ಮಾವ ಮೊದಲು ಸರಿಯಾಗಿ ಆಡಿದ ಮಾತೇ ದೊಡ್ಡದರ ಚಕ್ರದ ಮಾತು. ಬಾಯಿಯ ಒಂದು ತುದಿಯಿಂದ ಮಾತು ಜಾರುತ್ತಿತ್ತು. ಅತ್ತೆ ಅದನ್ನು ಒರೆಸುತ್ತಿದ್ದರು. ಹದಿನಾಲ್ಕು ಇಂಚಿನ ಹಳೆಯ ರಿಮ್ಮು ತೆಗೆಯೋಣ, ಹದಿನೈದರದು ಹಾಕೋಣ. ಎಷ್ಟು ಅಗಲ? ಏಳು ಇಂಚು ಸಾಕು ಎಂದು ಇವನು. ಹಿಂದೆ ಎಂಟೇ ಬೇಕು, ಎಂಜಿನ್ನಿನ ತಾಕತ್ತು ನೆಲ ಮುಟ್ಟುವುದು ಹಿಂದೆ, ಎಂದು ಮಾವ. ಟೈರು ಅಗಲವಾದರೂ ಒಟ್ಟು ಎತ್ತರ ಮೊದಲಿನ ಇಪ್ಪತ್ತೇಳು ಇಂಚೇ ಇರಬೇಕು. ಎತ್ತರ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ. ಅದಕ್ಕೆ ಟೈರಿನ ಪಕ್ಕೆ, ರಿಮ್ಮಿನಿಂದ ನೆಲದವರೆಗಿನ ರಬ್ಬರು, ಕುಳ್ಳಗಿರಬೇಕು. ಅಗಲ ಇನ್ನೂರ ಐವತ್ತೈದು ಮಿಲಿಮೀಟರ್ ಇಟ್ಟು, ಪಕ್ಕೆ ಅದರ ನೂರಕ್ಕೆ ಅರವತ್ತು. ಇಷ್ಟಾದ ಮೇಲೆ ರಿಮ್ಮಿನ ಒಳಗಿನ ಆಳ: ಬೋಲ್ಟು ಕೂರುವ ಮುಖದಿಂದ ಒಳಅಂಚಿಗೆ ಎಷ್ಟು. ಅದು ಜಾಸ್ತಿಯಾದರೆ ಟೈರು ಒಳಗಿನ ಸ್ಪ್ರಿಂಗಿಗೆ ತಾಗುತ್ತೆ, ಕಮ್ಮಿಯಾದರೆ ಹೊರಗಿನ ಮಡ್‌ಗಾರ್ಡಿಗೆ. ಮಾವ ಅನ್ನದ ತಟ್ಟೆಯನ್ನು ಚಕ್ರ ಮಾಡಿ, ಲೋಟವನ್ನು ಸ್ಪ್ರಿಂಗ್ ಮಾಡಿ, ಎಡಗೈಯನ್ನು ಮಡ್‌ಗಾರ್ಡಿನಂತೆ ಬಗ್ಗಿಸಿ ತೋರಿಸುತ್ತಿದ್ದರು. ಬಲಗೈ ಮಡಿಲಲ್ಲಿ ಬೇರೆಯವರದೇನೋ ಎಂಬಂತೆ ಬಿದ್ದಿರುತ್ತಿತ್ತು. ಒಂದು ಸೈಜು ಖಾಯಂ ಆಯಿತು ಎನ್ನುವಷ್ಟರಲ್ಲಿ, “ನಾಳೆ ಇನ್ನೊಂದು ಸಲ ಯೋಚನೆ ಮಾಡೋಣ,” ಎನ್ನುತ್ತಿದ್ದರು, ಮುಖದಲ್ಲಿ ಎಂಥದೋ ಸಂತೋಷ. ಆ ಸಂತೋಷವನ್ನು ನೋಡಿ ಹೆಂಡತಿ ಮೊದಮೊದಲು ಅಡುಗೆಮನೆಗೆ ಹೋಗಿ ಅಳುತ್ತಿದ್ದಳು. ಆಮೇಲೆ ಅಳುವುದನ್ನು ಬಿಟ್ಟಳು. “ಅಪ್ಪ ಸೈಜು ಹುಡುಕ್ತಾ ಇಲ್ಲ ರೀ. ನಮ್ಮನ್ನ ಇಲ್ಲೇ ಕೂರಿಸಿಕೊಂಡಿದಾರೆ,” ಎಂದಳು. ದೊಡ್ಡದನ್ನು ಅವರು ಇನ್ನು ಓಡಿಸಲಾರರೆಂದು ಅವಳಿಗೂ ಗೊತ್ತಿತ್ತು. ಅಷ್ಟರಲ್ಲಿ ಡಾಕ್ಟರು ಆಸ್ಪತ್ರೆಯ ಮೊಗಸಾಲೆಯಲ್ಲಿ ಇವನನ್ನು ಗೋಡೆಯ ಬದಿಗೆ ಕರೆದು ಹೇಳಿಯಾಗಿತ್ತು: ನಡೆಯುತ್ತಾರೆ, ಕೋಲು ಹಿಡಿದು ಓಡಾಡುತ್ತಾರೆ, ಆದರೆ ಆ ಬಲಗಾಲು ಇನ್ನು ಬ್ರೇಕು ಒತ್ತುವ ಕಾಲಲ್ಲ. ಅವರಿಗೆ ನಿಧಾನವಾಗಿ ನೀವೇ ತಿಳಿಸಿ. ನಿಧಾನವಾಗಿ ಎನ್ನುವ ಮಾತನ್ನು ಇವನು ಬಿಗಿಯಾಗಿ ಹಿಡಿದುಕೊಂಡಿದ್ದ.

ಅವನು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಕಪ್ಪು ಗೆರೆಯೊಳಗೆ ಎರಡು ಬೆರಳು ತೂರಿಸಿದ. ಹಿಡಿಸಿದವು. ಹಿಡಿಸಿ ಸ್ವಲ್ಪ ಜಾಗವೂ ಉಳಿಯಿತು. ಅವನ ಅಪ್ಪ ಕರುವಿನ ಕತ್ತಿಗೆ ಹಗ್ಗ ಕಟ್ಟುವಾಗ ಹೀಗೇ ಮಾಡುತ್ತಿದ್ದ: ಗಂಟು ಹಾಕುವ ಮೊದಲು ಹಗ್ಗಕ್ಕೂ ತೊಗಲಿಗೂ ನಡುವೆ ಎರಡು ಬೆರಳು. ಒಂದು ಬೆರಳಾದರೆ ಕರುವಿಗೆ ಉಸಿರು ಕಟ್ಟುತ್ತೆ, ಮೂರಾದರೆ ತಲೆ ಹೊರಗೆ ಎಳೆದುಕೊಂಡು ಹೊಲಕ್ಕೆ ಬೀಳುತ್ತೆ. ಎರಡು ಬೆರಳಿದ್ದರೆ ಕರು ತಾನು ಕಟ್ಟಿಹಾಕಿಸಿಕೊಂಡಿದ್ದೇನೆ ಎನ್ನುವುದನ್ನೇ ಮರೆತು ಮೇಯುತ್ತೆ ಎನ್ನುತ್ತಿದ್ದ ಅಪ್ಪ, ಕರುವಿನ ಬೆನ್ನು ಸವರುತ್ತ. ಮೀಸೆ ಮೂಡುವ ವಯಸ್ಸಿಗೆ ಇವನು ಆ ಕೊಟ್ಟಿಗೆ ಬಿಟ್ಟು ಊರಂಚಿನ ಈ ಟೈರಂಗಡಿಗೆ ಬಂದ. ಅಂಗಡಿಯ ಹಿತ್ತಲ ಬೇಲಿಯಾಚೆ ಇನ್ನೂ ಹೊಲಗಳೇ. ಗಾಳಿ ಬೀಸಿದ ದಿನ ರಬ್ಬರಿನ ವಾಸನೆಯ ನಡುವೆ ಒಣಹುಲ್ಲಿನ ವಾಸನೆ ಬರುತ್ತಿತ್ತು, ಮನೆಗೆ ಹೋಗಬೇಕೆನ್ನಿಸುತ್ತಿತ್ತು. ಮಾವ, ಆಗ ಬರೀ ಯಜಮಾನರು, ತಮ್ಮ ತಟ್ಟೆಯ ಎದುರೇ ಇವನಿಗೂ ತಟ್ಟೆ ಹಾಕಿಸಿದರು. ಆಮೇಲೆ ಮಗಳನ್ನು ಕೊಟ್ಟರು. ಆಮೇಲೆ ಅಂಗಡಿಯ ಬೀಗದ ಕೈ. ಅವರು ಕೊಟ್ಟಿದ್ದನ್ನೆಲ್ಲ ಎರಡೂ ಕೈಯಲ್ಲಿ ತೆಗೆದುಕೊಂಡು ತೆಗೆದುಕೊಂಡು, ಯಾವುದನ್ನಾದರೂ ಕೆಳಗಿಡುವುದು ಹೇಗೆಂದು ಅವನು ಕಲಿಯಲೇ ಇಲ್ಲ.

ಆ ಅಂಗಡಿಗೆ ತನ್ನದೇ ಒಂದು ಪದ್ಧತಿ ಇತ್ತು, ಬೇರೆ ಅಂಗಡಿಯವರು ಅದನ್ನು ಹೇಳಿಕೊಂಡು ನಗುತ್ತಿದ್ದರು. ಯಾರಾದರೂ ಕಾರಿಗೆ ಅಗಲದ ಚಕ್ರ ಹಾಕಿಸಲು ಬಂದರೆ ಮಾವ ಮೊದಲು ಟೇಪು ಹಿಡಿಯುತ್ತಿರಲಿಲ್ಲ. “ಮನೆಯವರನ್ನೆಲ್ಲ ಕರಕೊಂಡು ಬನ್ನಿ,” ಎನ್ನುತ್ತಿದ್ದರು. ಯಾರು ಎಲ್ಲಿ ಕೂರುತ್ತಾರೋ ಅಲ್ಲೇ ಕೂರಬೇಕು. ಅಜ್ಜಿ ಇದ್ದರೆ ಅಜ್ಜಿ, ಮಗು ಅಮ್ಮನ ತೊಡೆಯ ಮೇಲೆ. ಎಲ್ಲರೂ ಕೂತು, ಸ್ಪ್ರಿಂಗು ಬಗ್ಗಿ, ಕಾರು ತನ್ನ ಸಂಸಾರದ ಭಾರಕ್ಕೆ ತಗ್ಗಿದ ಮೇಲೆ, ಸ್ಟೇರಿಂಗನ್ನು ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ ನೋಡಿ, ಆಮೇಲೆ ಅಳತೆ. ಮಡ್‌ಗಾರ್ಡಿನ ಒಳಅಂಚಿಗೆ ಅತ್ತೆ ಕಲಸಿಕೊಟ್ಟ ಹಿಟ್ಟನ್ನು ಮೆತ್ತಿ, ಒಂದು ಸುತ್ತು ಓಡಿಸಿ ತರಲು ಹೇಳುತ್ತಿದ್ದರು. ಟೈರು ಎಲ್ಲಿ ತಾಗಿತೋ ಅಲ್ಲಿ ಹಿಟ್ಟಿನ ಮೇಲೆ ಗೀರು ಬಿದ್ದಿರುತ್ತಿತ್ತು. “ಖಾಲಿ ಕಾರಿಗೆ ಎಲ್ಲಾ ಸೈಜೂ ಸರಿಹೋಗುತ್ತೆ,” ಎನ್ನುತ್ತಿದ್ದರು. “ಖಾಲಿ ಮನೇಲಿ ಜಗಳ ಆಗುತ್ತೇನು?” ಇವನ ಹೆಂಡತಿ ಚಿಕ್ಕವಳಿದ್ದಾಗ ಗೀರು ಬಿದ್ದ ಆ ಹಿಟ್ಟನ್ನು ಕಿತ್ತು ಗೊಂಬೆ ಮಾಡುತ್ತಿದ್ದಳಂತೆ. ಎಷ್ಟು ಜನರ ಸಂಸಾರವನ್ನು ಇವನು ಹೀಗೆ ನೆಲದ ಮೇಲೆ ಮಲಗಿ ಕೆಳಗಿಂದ ನೋಡಿದ್ದ! ಒಬ್ಬರು ಕೂತಾಗ ಕಾರು ಹೇಗೆ ತಗ್ಗುತ್ತೆ, ಮುನಿಸಿಕೊಂಡವಳು ಕೂತಾಗ ಹೇಗೆ ಅಲುಗುತ್ತೆ.

ಮತ್ತೆ ಮಾವನ ಕಾರಿಗೆ ಅಳತೆ ತೆಗೆದದ್ದು? ಒಂದು ಮಧ್ಯಾಹ್ನ ಅತ್ತೆ ಮಾವನನ್ನು ಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗಿದ್ದರು. ಹೆಂಡತಿಗೆ ಕೆಲಸ ಖಾತ್ರಿಯಾಯಿತೆಂದು ಆಸ್ಪತ್ರೆಯವರ ಫೋನು ಬಂದ ದಿನ ಅದು. ಇವನು ಟಾರ್ಪಾಲು ಸರಿಸಿ, ಚಕ್ರ ಬಿಚ್ಚಿದ ಖಾಲಿ ಕಮಾನಿನೊಳಗೆ ಅಡ್ಡಕ್ಕೂ ಉದ್ದಕ್ಕೂ ಟೇಪು ಹಿಡಿದು, ಆಳವನ್ನು ತಾನೇ ನಿರ್ಧರಿಸಿ, ರಿಮ್ಮು ಮಾಡುವವರಿಗೆ ಅಲ್ಲೇ ನಿಂತು ಫೋನು ಮಾಡಿದ. ಹಿಟ್ಟಿಲ್ಲ, ಜನರಿಲ್ಲ. ಅವಸರ ಎಂದುಕೊಂಡ ಆಗ. ಅವಸರವಲ್ಲ ಎಂದು ಈಗ, ಬೆರಳು ಆ ಸಂದಿಯಲ್ಲಿರುವಾಗ, ಅವನಿಗೆ ಗೊತ್ತಾಗತೊಡಗಿತು. ಕೂರುವವರ ಚಿತ್ರವೇ ಆ ದಿನ ಮನಸ್ಸಿಗೆ ಬಂದಿರಲಿಲ್ಲ. ಟಾರ್ಪಾಲಿನ ಕೆಳಗೆ ನಿಂತಿರುವ ಒಂದು ಕಾರು, ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವ ಒಬ್ಬ ಮುದುಕ. ಅಷ್ಟೇ. ತಾನಿಲ್ಲ, ತನ್ನ ಹೆಂಡತಿ ಇಲ್ಲ.

ಕೋಲಿನ ಸದ್ದು ಕೇಳಿಸಿತು. ಅಂಗಡಿಯ ಹಿಂದಿನ ಮನೆಯಿಂದ ಮಾವ ಬರುತ್ತಿದ್ದರು, ಒಂದು ಕಡೆ ಅತ್ತೆ, ಇನ್ನೊಂದು ಕಡೆ ಮಗಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಗುಂಡಿಗಳನ್ನು ಕತ್ತಿನವರೆಗೆ ಹಾಕಿದ್ದರು. ಹತ್ತಿರ ಬಂದು ಹಿಂದಿನ ಚಕ್ರವನ್ನೇ ನೋಡುತ್ತ ನಿಂತರು. ಅವರ ಒಂದು ಕಣ್ಣಿನಿಂದ ನೀರು ಇಳಿಯಿತು. ಆ ಕಣ್ಣಿಂದ ಸುಮ್ಮನೆಯೂ ನೀರು ಇಳಿಯುತ್ತಿತ್ತಾದ್ದರಿಂದ ಅದನ್ನು ಹೇಗೆ ತೆಗೆದುಕೊಳ್ಳಬೇಕೋ ತಿಳಿಯಲಿಲ್ಲ. “ಚೆನ್ನಾಗಿದೆ ಕಣೋ,” ಎಂದರು. ಅಳಿಯನಾದ ಮೇಲೆ ಅವರು ಇವನನ್ನು ಹಾಗೆ ಕರೆಯುವುದನ್ನು ಬಿಟ್ಟಿದ್ದರು. ಹೆಂಡತಿ ಅವರ ಹೆಗಲ ಹಿಂದಿನಿಂದ ಇವನನ್ನೇ ನೋಡುತ್ತಿದ್ದಳು. ಚಕ್ರ ಕೂತಿದೆಯಲ್ಲ, ಎನ್ನುತ್ತಿತ್ತು ಆ ನೋಟ. ಇವನು ಬಾಯಿ ತೆರೆದ. “ಮಾವ...” “ಗಾಡಿ ತೆಗಿ,” ಎಂದರು ಮಾವ. “ಕೂರೋಣ.”

“ಈಗಲೇ?” ಎಂದವರು ಅತ್ತೆ. “ಒಲೆ ಮೇಲೆ ಸಾರಿಟ್ಟು ಬಂದಿದೀನಿ.” “ಸಾರು ಓಡಿಹೋಗಲ್ಲ, ಹತ್ತು.” ಎರಡೇ ಬಾಗಿಲಿನ ಕಾರು, ಮುಂದಿನ ಸೀಟನ್ನು ಮಡಿಸಿದರೇ ಹಿಂದೆ ಕೂರುವವರಿಗೆ ದಾರಿ. ಅತ್ತೆ ಒಂದು ಕಡೆಯಿಂದ ಗೊಣಗುತ್ತ ತೂರಿಕೊಂಡರು, ಹೆಂಡತಿ ಡ್ರೈವರಿನ ಕಡೆಯಿಂದ. ತೂರುವಾಗ ಇವನ ಕಿವಿಯ ಬಳಿ, “ಸುತ್ತಿಕೊಂಡು ಬರುವಾಗ ಹೇಳಿಬಿಡಿ,” ಎಂದಳು. ಆಮೇಲೆ ಮಾವನನ್ನು ಮುಂದೆ, ಡ್ರೈವರಿನ ಪಕ್ಕ ಕೂರಿಸಬೇಕು. ಇವನು ಅವರ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ, ಸೀಟಿಗೆ ಇಳಿಸಿ, ಜೋತುಬಿದ್ದ ಬಲಗಾಲನ್ನು ಒಂದು ಸಾಮಾನಿನಂತೆ ಒಳಗೆ ಎತ್ತಿಟ್ಟ. ಅವರ ತಲೆ ಅಷ್ಟು ಹೊತ್ತು ಇವನ ಎದೆಗೆ ಒರಗಿತ್ತು. ಎಣ್ಣೆ, ಔಷಧಿ, ಸಾಬೂನು. ಎಂಜಿನ್ನು ಮೊದಲು ಕೆಮ್ಮಿ ಆಮೇಲೆ ಕೊಟ್ಟಿಗೆಯಷ್ಟು ಅಗಲವಾದ ದನಿಯಲ್ಲಿ ಗುಡುಗಿತು. ಬಣ್ಣದವನು ಗೇಟು ತೆಗೆದು, ಮಂತ್ರಿ ಹೊರಟಂತೆ ಸಲಾಮು ಹೊಡೆದ. ಗೇಟಿನ ಹೊಸ್ತಿಲಿನಂಥ ಉಬ್ಬಿನ ಮೇಲೆ ಮುಂದಿನ ಚಕ್ರ ಹತ್ತಿ ಇಳಿಯಿತು. ಹಿಂದಿನದು ಹತ್ತಿ ಇಳಿಯುವಾಗ ಕೆಳಗಿನಿಂದ ಒಂದು ಸದ್ದು ಬಂತು. ದೊಡ್ಡ ಸದ್ದಲ್ಲ. ಹಸಿ ತೊಗಲನ್ನು ತಗಡಿಗೆ ಉಜ್ಜಿದ ಹಾಗೆ, ಕರ್ರ್ ಎಂದು. ಆಮೇಲೆ ಬಿಸಿ ರಬ್ಬರಿನ ವಾಸನೆ. ಅವನು ಕನ್ನಡಿಯಲ್ಲಿ ಯಾರನ್ನೂ ನೋಡಲಿಲ್ಲ.

“ಹಿಂದಕ್ಕೆ ತಗೊ,” ಎಂದರು ಮಾವ. ಹಿಂದಕ್ಕೆ ತೆಗೆದ. ಕರ್ರ್. “ಮುಂದಕ್ಕೆ. ಮೆಲ್ಲಗೆ.” ಕರ್ರ್. “ಇನ್ನೊಂದು ಸಲ.” ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು, ಎಲ್ಲೋ ಕಳೆದುಕೊಂಡ ಹಸುವಿನ ಗಂಟೆ ಕೇಳಿಸಿಕೊಳ್ಳುವವರಂತೆ. ಹಿಂದೆ ಅತ್ತೆ, “ಏನ್ರೀ ಅದು, ಏನು ಸಿಕ್ಕಿಕೊಂಡಿತು?” ಎಂದರು. “ಏನೂ ಸಿಕ್ಕಿಕೊಂಡಿಲ್ಲ. ಒಳಗೆ ತಗೊಂಡು ನಿಲ್ಲಿಸು.” ಅಂಗಳಕ್ಕೆ ತಂದು ನಿಲ್ಲಿಸಿದ. ಎಂಜಿನ್ನು ಆರಿಸಿದ ಮೇಲೆ ಲೋಹ ಟಿಕ್ ಟಿಕ್ ಎಂದು ತಣಿಯುವುದು ಕೇಳಿಸುತ್ತಿತ್ತು. ಗಾಜಿನಾಚೆ ಬಣ್ಣದವನ ಮುಖ ಬಂತು.

“ಯಾರನ್ನ ಕೂರಿಸಿ ಅಳತೆ ತಗೊಂಡೆ?” ಮಾವ ಮುಂದಿನ ಗಾಜನ್ನೇ ನೋಡುತ್ತ ಕೇಳಿದರು.

“ಮರಳಿನ ಮೂಟೆ ಇಟ್ಟಿದ್ದೆ, ಮಾವ.” ಈ ಸುಳ್ಳು ಎಲ್ಲಿಂದ ಬಂತೋ, ಬಾಯಿಂದ ಬಿದ್ದ ಮೇಲೆಯೇ ಅವನಿಗೂ ಕೇಳಿಸಿತು.

“ಮರಳಾ?” ಎಂದ ಬಣ್ಣದವನು, ಉಪಕಾರ ಮಾಡುವವನಂತೆ ತಲೆ ಒಳಗೆ ಹಾಕಿ. “ನಮ್ಮ ಶೆಡ್ಡಿನ ಗೋಡೆಗೆ ಒಂದು ಬುಟ್ಟಿ ಮರಳು ಬೇಕು ಅಂತ ವರ್ಷದಿಂದ ಕೇಳ್ತಾ ಇದೀನಿ, ಇಲ್ಲ ಇಲ್ಲ ಅಂದಿದ್ದೆಯಲ್ಲಪ್ಪಾ! ಎಲ್ಲಿಟ್ಟಿದೀಯ?” ಅವನು ನಕ್ಕ. ಯಾರೂ ಜೊತೆಗೂಡದಿದ್ದಾಗ ನಗು ಅರ್ಧಕ್ಕೆ ನಿಂತಿತು. ಇವನ ಕಿವಿಗಳು ಕಾದವು. ಸ್ಟೇರಿಂಗಿನ ಮೇಲೆ ತನ್ನ ಕೈಗಳು ಕಾಣುತ್ತಿದ್ದವು, ಉಗುರಿನ ಸಂದಿಯಲ್ಲಿ ಕಪ್ಪು. ಅವು ತನ್ನವಲ್ಲ ಎನ್ನುವಂತೆ ನೋಡುತ್ತ ಕೂತ. ಹಿಂದೆ ಹೆಂಡತಿ ಉಸಿರು ಬಿಟ್ಟದ್ದು ಕತ್ತಿಗೆ ತಾಗಿತು.

“ನಾನು ಇದರಲ್ಲಿ ಕೂರಲ್ಲ ಅಂದುಕೊಂಡೆ,” ಎಂದರು ಮಾವ. ಪ್ರಶ್ನೆಯಾಗಿರಲಿಲ್ಲ. ಇವನು ಇಲ್ಲ ಎನ್ನಲು ಹೋದ. ಮಾವ ಎಡಗೈ ಎತ್ತಿದರು. “ಕಾಲಿನ ವಿಷಯ ಡಾಕ್ಟರು ನಂಗೂ ಹೇಳಿದಾರೆ. ಒಂದು ದಿನ ನಾನೇ ಪಟ್ಟು ಹಿಡಿದು ಕೇಳಿದೆ, ಹೇಳಿದರು. ನೀವೆಲ್ಲ ಸೇರಿ ನನ್ನಿಂದ ಮುಚ್ಚಿಡ್ತಾ ಇದೀರಿ, ಪಾಪ, ಇರಲಿ ಅಂತ ಸುಮ್ಮನಿದ್ದೆ.” ಅತ್ತೆ ಹಿಂದೆ ಬಿಕ್ಕಿದರು. “ಅಳಬೇಡ ಮಾರಾಯ್ತಿ, ಸೀಟು ನೆನೆಯುತ್ತೆ. ನಾನು ಓಡಿಸ್ತೀನಿ ಅಂತ ಯಾವಾಗ ಹೇಳಿದೆ? ಇಲ್ಲಿ ಇವನು. ಇಲ್ಲಿ ನಾನು. ಹಿಂದೆ ನೀವಿಬ್ಬರು. ಅಷ್ಟು ದಿವಸ ತಲೆ ಕೆಡಿಸಿಕೊಂಡು ಸೈಜು ಹುಡುಕಿದ್ದು ಈ ನಾಲ್ಕು ಜನದ ಭಾರಕ್ಕೆ. ಬೆಳಿಗ್ಗೆ ಇವನು ಕೂರಿಸಿಕೊಂಡು ಹೋಗ್ತಾನೆ, ಸಾಯಂಕಾಲ ಕರಕೊಂಡು ಬರ್ತಾನೆ. ನಾನಿರೋವರೆಗೆ ನಡೆಯುತ್ತೆ.” ಅವರು ಎಡಗೈಯನ್ನು ತಂದು ಇವನ ತೊಡೆಯ ಮೇಲಿಟ್ಟರು. ಕೈ ಹಗುರವಾಗಿತ್ತು. ಬೈದಿದ್ದರೆ ಇವನಿಗೆ ದಾರಿ ಇತ್ತು. ಬೈಸಿಕೊಂಡವನು ಬಾಗಿಲು ಬಡಿದು ಹೊರಗೆ ಹೋಗಬಹುದು. ಹೀಗೆ ತೊಡೆಯ ಮೇಲಿಟ್ಟ ಕೈಯನ್ನು ಏನು ಮಾಡುವುದು? ತಾನು ಮನಸ್ಸಿನಲ್ಲಿ ಬರೆದಿದ್ದ ಚಿತ್ರದಲ್ಲಿ ಮುದುಕ ಒಬ್ಬನೇ ಕುರ್ಚಿಯ ಮೇಲಿದ್ದ. ಅವರ ಚಿತ್ರದಲ್ಲಿ ಎಲ್ಲರೂ ಇದ್ದರು.

“ಹಿಟ್ಟು ತಗೊಂಡು ಬಾ,” ಎಂದರು ಮಾವ ಅತ್ತೆಗೆ. “ಈಗ ಸರಿಯಾಗಿ ಅಳೆಯೋಣ.” ಅತ್ತೆ ಹಿಂದಿನಿಂದ ಹೊರಬರಬೇಕಾದರೆ ಮಾವ ಏಳಬೇಕು, ಮಾವ ಏಳಬೇಕಾದರೆ ಇವನು ಎತ್ತಬೇಕು. ಎತ್ತಿದ. ಅತ್ತೆ ಇಳಿದು ಹೋಗಿ ಒಂದು ಬಟ್ಟಲು ಕಲಸಿ ತಂದರು. “ಈ ಮನೇಲಿ ಮನುಷ್ಯರಿಗಿಂತ ಕಾರುಗಳೇ ಹೆಚ್ಚು ಹಿಟ್ಟು ತಿಂದಿವೆ,” ಎಂದು ಮೂಗು ಒರೆಸಿಕೊಂಡು ಮತ್ತೆ ಹತ್ತಿದರು. ಮತ್ತೆ ಕಂಕುಳಿಗೆ ಕೈ, ಮತ್ತೆ ಎದೆಗೊರಗುವ ತಲೆ, ಮತ್ತೆ ಒಳಗಿಡುವ ಕಾಲು. “ಅಳೆಯೋನು ಕೆಳಗಿದ್ದರೆ ಡ್ರೈವರ್ ಸೀಟಲ್ಲಿ ಯಾರು?” ಮಾವ ಬಣ್ಣದವನನ್ನು ಮೇಲಿಂದ ಕೆಳಗೆ ನೋಡಿದರು. “ನೀನು ಕೂರು. ಇವನಷ್ಟೇ ತೂಕ ಇದೀಯ.” “ಯಜಮಾನ್ರೇ, ಹೊಟ್ಟೆ ಬಿಟ್ಟು ಹೇಳಿದ್ರೋ ಸೇರಿಸಿ ಹೇಳಿದ್ರೋ?” ಎನ್ನುತ್ತ ಅವನು ಇವನ ಜಾಗದಲ್ಲಿ ಕೂತ. ಸಲೀಸಾಗಿ ಕೂತ. ಸ್ಟೇರಿಂಗ್ ಹಿಡಿದು ತುಟಿಯಲ್ಲಿ ಬುರ್ರ್ ಎಂದ.

ಇವನು ಡ್ರೈವರಿನ ಕಡೆಯ ಹಿಂದಿನ ಚಕ್ರದ ಪಕ್ಕ ನೆಲದ ಮೇಲೆ ಮಲಗಿದ. ಹಿಟ್ಟಿಗೆ ನೀರು ಸಾಲದಾಗಿತ್ತು, ಅಂಚಿಗೆ ನಿಲ್ಲದೆ ಕಳಚಿ ಬೀಳುತ್ತಿತ್ತು. ಅದನ್ನು ಎರಡು ಬೆರಳಿಂದ ಒತ್ತಿ ಹಿಡಿದು, “ಬಾಗಿಲು ಹಾಕಿಕೊಳ್ಳಿ, ನೇರ ಕೂರಿ,” ಎಂದ. ಬಣ್ಣದವನು ಬಾಗಿಲು ಎಳೆದುಕೊಂಡು ಬೆನ್ನನ್ನು ಸೀಟಿಗೆ ಧೊಪ್ಪನೆ ಕೊಟ್ಟ. ಕಾರು ಇನ್ನೊಂದು ಉಸಿರು ತಗ್ಗಿತು. ಹಿಟ್ಟು ಬೆರಳ ಸುತ್ತ ಚಪ್ಪಟೆಯಾಯಿತು. ಮಡ್‌ಗಾರ್ಡಿನ ಅಂಚು ಮೇಲಿನಿಂದ, ರಬ್ಬರು ಕೆಳಗಿನಿಂದ. ನೋವು ಮೊದಲು ಗೊತ್ತಾಗಲಿಲ್ಲ. ಕೈ ಎಳೆದು ನೋಡಿದ, ಬರಲಿಲ್ಲ. ಆಮೇಲೆ ಉಗುರಿನ ಬುಡದಲ್ಲಿ ಸಣ್ಣ ಬೆಂಕಿ. ಕೂಗಬಹುದಿತ್ತು. ಕೂಗಿದರೆ ಎಲ್ಲರೂ ಇಳಿಯಬೇಕು, ಇಳಿಯಬೇಕಾದರೆ ಮಾವನನ್ನು ಯಾರಾದರೂ ಎತ್ತಬೇಕು, ಎತ್ತುವವನು ತಾನು. ಅವನಿಗೆ ನಗು ಬಂದ ಹಾಗಾಯಿತು. ಮಲಗಿದ್ದ ಕಡೆಯಿಂದ ಹಿಂದಿನ ಸಣ್ಣ ಕಿಟಕಿ ಕಾಣುತ್ತಿತ್ತು, ಅದರಲ್ಲಿ ಹೆಂಡತಿಯ ಮುಖ, ಕೆಳಗೆ ಬಗ್ಗಿ ಇವನನ್ನೇ ನೋಡುತ್ತಿತ್ತು.

“ಎಷ್ಟಿದೆ?” ಮಾವನ ದನಿ.

“ಇಲ್ಲ. ಏನೂ ಇಲ್ಲ.”

“ಏನೂ ಇಲ್ಲವಾ? ಒಂದು ಬೆರಳೂ?”

ಹೆಂಡತಿಯ ತುಟಿ ಅಲುಗಿತು. ಗಾಜಿನ ಆಚೆ ದನಿ ಇರಲಿಲ್ಲ, ತುಟಿಯ ಆಕಾರದಿಂದಲೇ ಅವನಿಗೆ ತಿಳಿಯಿತು: “ಹೇಳ್ತೀರಾ, ನಾನು ಹೇಳಲಾ?”

ಈಗ, ಎಂದುಕೊಂಡ. ನೆಲದ ಮೇಲೆ ಹೀಗೆ ಮಲಗಿ, ಯಾರ ಮುಖವನ್ನೂ ನೋಡದೆ, ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಮಾವ, ನಾವು ಒಂದನೇ ತಾರೀಖಿಗೆ ಹೋಗುತ್ತಿದ್ದೇವೆ. “ಮಾವ,” ಎಂದ. “ಹೇಳು,” ಎಂದರು ಅವರು, ತಾಳ್ಮೆಯಿಂದ, ಅನ್ನದ ತಟ್ಟೆಯನ್ನು ಚಕ್ರ ಮಾಡಿ ಕೂತಾಗಿನ ದನಿಯಲ್ಲಿ. “ಟೈರು ಒಂದು ಸೈಜು ಇಳಿಸಬೇಕು, ಮಾವ. ಇನ್ನೂರ ನಲವತ್ತೈದಕ್ಕೆ. ಆಗದಿದ್ದರೆ ರಿಮ್ಮೇ ಬೇರೆ ಮಾಡಿಸಬೇಕು. ಆಳ ಜಾಸ್ತಿ ಇಟ್ಟು.” ಮಾವ, “ಮಾಡಿಸೋಣ. ಅವಸರ ಏನಿದೆ?” ಎಂದರು. ಅವರ ದನಿಯಲ್ಲಿ ಮತ್ತೆ ಆ ಸಂತೋಷ. “ಮೊದಲಿಂದ ಯೋಚನೆ ಮಾಡೋಣ.”

ಕಿಟಕಿಯಲ್ಲಿ ಮುಖ ಇರಲಿಲ್ಲ. “ನೀವು ಸ್ವಲ್ಪ ಇಳೀರಿ,” ಎಂದು ಅವಳು ಬಣ್ಣದವನಿಗೆ ಹೇಳುವುದು ಕೇಳಿಸಿತು. ಅವನು ಇಳಿದ. ಇವನ ಜಾಗ ಖಾಲಿಯಾದಷ್ಟಕ್ಕೇ ಕಾರು ಎದ್ದಿತು. ಬೆರಳಿಗೆ ರಕ್ತ ಮರಳಿತು, ಸಂದಿ ಒಂದು ಬೆರಳಿನಷ್ಟು ಉಸಿರಾಡಿತು. ತಾನಿಲ್ಲದಿದ್ದರೆ ಚಕ್ರ ತಾಗುವುದಿಲ್ಲ, ಎಂದು ಅವನು ಕೆಲಸಗಾರನ ತಲೆಯಿಂದ ಗಮನಿಸಿದ. ಅವಳು ಡ್ರೈವರಿನ ಸೀಟನ್ನು ಮುಂದಕ್ಕೆ ಮಡಿಸಿದಳು. ಇಳಿಯುವ ಮೊದಲು ಅಲ್ಲೇ ಬಗ್ಗಿ ನಿಂತು ಹೇಳಿದಳು: “ಅಪ್ಪಾ, ನಂಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಒಂದನೇ ತಾರೀಖಿಗೆ ಹೋಗ್ತಾ ಇದೀನಿ. ಇವರು ಬರ್ತಾರೋ ಇಲ್ವೋ ಇವರನ್ನೇ ಕೇಳಿ.” ಅತ್ತೆ, “ಏನೇ ಇದು, ಏನು ಮಾತು!” ಎಂದರು. ಅವಳ ಒಂದು ಕಾಲು ನೆಲಕ್ಕೆ ಬಂತು, ಆಮೇಲೆ ಇನ್ನೊಂದು. ಚಪ್ಪಲಿಗಳು ಇವನ ಮುಖದ ಹತ್ತಿರವೇ ಇದ್ದವು, ಹಿಮ್ಮಡಿಯ ಕಡೆ ಸವೆದಿದ್ದವು. ಅಲ್ಲೇ ನಿಂತಳು, ಸ್ವಲ್ಪ ಹೊತ್ತು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಅವನು ಏಳಲಿಲ್ಲ. ಚಪ್ಪಲಿಗಳು ತಿರುಗಿ ಮನೆಯ ಕಡೆ ನಡೆದವು. ಹಿತ್ತಲ ಕಡೆಯಿಂದ ಗಾಳಿ ಬಂತು, ಒಣಹುಲ್ಲಿನ ವಾಸನೆ.

ಅವಳ ಭಾರ ಇಳಿದ ಮೇಲೆ ಸ್ಪ್ರಿಂಗಿನ ಪಟ್ಟಿಗಳು ಒಂದೊಂದಾಗಿ ಸಡಿಲಿಸಿಕೊಂಡವು. ಹಿಟ್ಟು ಕಳಚಿ ಅವನ ಕೆನ್ನೆಯ ಮೇಲೆ ಬಿತ್ತು. ಬೆರಳುಗಳು ಬಿಡುಗಡೆಯಾಗಿದ್ದವು, ಎಳೆದರೆ ಬರುತ್ತಿದ್ದವು. ಅವನು ಎಳೆಯಲಿಲ್ಲ. ಬಣ್ಣದವನು ಎಲ್ಲೋ ದೂರ ಹೋಗಿ, ಇಲ್ಲದ ಕೆಲಸ ಮಾಡುತ್ತ ಡಬ್ಬಿ ಬಡಿಯುತ್ತಿದ್ದ.

“ಈಗ ಎಷ್ಟಿದೆ ನೋಡು,” ಎಂದರು ಮಾವ ಕೊನೆಗೆ. ಮಾತು ಬಾಯಿಯ ತುದಿಯಿಂದ ಜಾರುತ್ತಿತ್ತು, ಹಿಂದೆ ಕೂತ ಅತ್ತೆ ಒರೆಸಲಿಲ್ಲ.

ಅವನು ಸಂದಿಯೊಳಗೆ ಬೆರಳುಗಳನ್ನು ಜೋಡಿಸಿ ನೋಡಿದ. ಹಿಡಿಸಿದವು, ಅಪ್ಪ ಕರುವಿಗೆ ಕಟ್ಟುತ್ತಿದ್ದ ಹಗ್ಗದ ಹಾಗೆ, ಬಿಗಿಯಾಗಿಯೂ ಇಲ್ಲ, ಸಡಿಲವಾಗಿಯೂ ಇಲ್ಲ.

“ಎರಡು ಬೆರಳು,” ಎಂದ.

“ಸಾಕು,” ಎಂದರು ಮಾವ.